ಬೋರಲು ಹರಿಗೋಲು

"ಗಾಳೆಪ್ಪ ಕಂಪ್ಲಿ ಮಾರ್ಕೆಟ್ಟಿಗೆ ಹೋಗಿ ಮೀನು ಕೊಂಡ್ಕಂಡು ಬಂದಾನಂತ್ರೀ ಅಕ್ಕಾ! ಮೀನು ಹಿಡಿಯಾನು ಮೀನು ಕೊಳ್ಳಾದಂದ್ರ, ಕುಂಬಾರ ಸಂತ್ಯಾಗ ಗಡಿಗಿ ಚೌಕಾಸಿ ಮಾಡಿದಂಗ!"

ಲಲಿತಾ ಹೇಳಿ ನಕ್ಕಳು. ದಂಡೆಯ ಮೇಲೆ ಸಾಲಾಗಿ ಕುಳಿತು ಒಣ ಬಾಳೆಪಟ್ಟೆ ಹೊಸೆಯುತ್ತಿದ್ದ ಬುಕ್ಕಸಾಗರದ ಹೆಂಗಸರೂ ನಕ್ಕರು. ಹೊಳೆಗೆ ಎಣ್ಣೆ ಬಂದ ಮೇಲೆ ಆ ದಂಡೆಯಲ್ಲಿ ಕೇಳಿದ ಮೊದಲ ನಗು ಅದು.

ಶ್ರೀಲಕ್ಷ್ಮೀ ನಗಲಿಲ್ಲ. ಎಲ್ಲರೂ ನಗುವಾಗ ಸುತ್ತ ಒಮ್ಮೆ ನೋಡಿಕೊಳ್ಳುವುದು ಅವಳ ಹಳೆಯ ಅಭ್ಯಾಸ.

"ಯಾವಾಗ ಕೊಂಡಿದ್ದು?"

"ನಿನ್ನೆ. ಮೊನ್ನೇನೂ ಹೋಗಿದ್ನಂತ. ನಮ್ಮ ದುರ್ಗಕ್ಕ ಕಣ್ಣಾರೆ ನೋಡ್ಯಾಳ."

"ಎಂಥ ಮೀನು?"

ಲಲಿತಾ ಹುಬ್ಬೇರಿಸಿದಳು. "ನೀವು ಬ್ರಾಹ್ಮಣ್ರು, ಮೀನಿನ ಜಾತಿ ಕಟ್ಕಂಡು ಏನ್ ಮಾಡ್ತೀರಿ? ಸಣ್ಣವಂತ್ರಿ, ಬೆರಳಷ್ಟುದ್ದುವು. ಸಾರಿಗೂ ಸಾಲಂಗಿಲ್ಲ, ಹುರಿಯಾಕೂ ಬರಂಗಿಲ್ಲ."

ಶ್ರೀಲಕ್ಷ್ಮೀ ಹೊಳೆಯ ಕಡೆ ತಿರುಗಿದಳು.

ಭಾನುವಾರ ಬೆಳಿಗ್ಗೆ ಸೇತುವೆಯ ಇಳಿಜಾರಿನಲ್ಲಿ ಬಾಯ್ಲರಿಗೆ ಉರಿಸುವ ಕಪ್ಪು ಫರ್ನೇಸ್ ಎಣ್ಣೆಯ ಟ್ಯಾಂಕರ್ ಉರುಳಿತ್ತು. ಬಿದ್ದ ಟ್ಯಾಂಕರಿನ ವಾಲ್ವ್ ತಿರುಗಿಸಿ ಎಣ್ಣೆ ಕದ್ದವನು, ಹೊಳೆಗೆ ಹರಿಯಬಿಟ್ಟವನು ಗಾಳೆಪ್ಪನೇ ಎಂದು ಅದರ ಮಾಲೀಕ ಉಚ್ಚೆಂಗಪ್ಪ ದೂರು ಕೊಟ್ಟಿದ್ದ. ವಿಮಾ ಕಂಪನಿಯ ಪರವಾಗಿ ನಷ್ಟ ಪರಿಶೀಲಿಸಲು ಬಂದವಳು ಶ್ರೀಲಕ್ಷ್ಮೀ. ದೀಪ ಹಚ್ಚುವ ಹೊತ್ತಿಗೆ ಗಾಳೆಪ್ಪನನ್ನು ಠಾಣೆಗೆ ಒಯ್ಯುವುದಾಗಿ ಸಬ್ ಇನ್‌ಸ್ಪೆಕ್ಟರ್ ಅಂದಾನಪ್ಪ ಮಧ್ಯಾಹ್ನವೇ ಹೇಳಿ ಹೋಗಿದ್ದರು. ಅಷ್ಟರೊಳಗೆ ಅವಳು ಒಂದು ಮಾತು ಹೇಳಬೇಕಿತ್ತು: ವಾಲ್ವ್ ತಿರುಗಿಸಿದ್ದು ಅವನು ಹೌದೋ ಅಲ್ಲವೋ.

ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಇಳಿಬಿಸಿಲು ತಾಗಿದಲ್ಲೆಲ್ಲ ನೀರಿನ ಮೇಲೆ ನವಿಲಿನ ಕತ್ತು ಬಿಚ್ಚಿಕೊಳ್ಳುತ್ತಿತ್ತು. ನೀಲಿ ಕರಗಿ ನೇರಳೆ, ನೇರಳೆ ಕರಗಿ ಹೊನ್ನು. ಆಚೆ ದಂಡೆಯ ದುಂಡು ಬಂಡೆಗಳು ತಮ್ಮ ನೆರಳನ್ನು ಆ ಬಣ್ಣದಲ್ಲಿ ನೆನೆಸಿಕೊಂಡು ತೂಕಡಿಸುತ್ತಿದ್ದವು. ಕನಸಿನಲ್ಲಿ ಕಾಣುವ ಹೊಳೆ ಹೀಗೇ ಇರುತ್ತದೇನೋ. ಕಣ್ಣು ನಂಬಿಬಿಡುತ್ತಿತ್ತು. ಮೂಗು ನಂಬುತ್ತಿರಲಿಲ್ಲ.

ಬಾಳೆನಾರಿನಲ್ಲಿ ಚೀಲ ಹೆಣೆದು ಹಂಪಿಗೆ ಬರುವ ಪ್ರವಾಸಿಗರಿಗೆ ಮಾರುವುದು ಲಲಿತಾಳ ಸಂಘದ ಕಸುಬು. ಈಗ ಅದೇ ನಾರು, ಅದರ ಜೊತೆ ಭತ್ತದ ಹುಲ್ಲು, ಹಳೆಯ ಸೀರೆಗಳ ಚೀಲಕ್ಕೆ ಸೇರಿ ಮನುಷ್ಯನುದ್ದದ ದಿಂಬುಗಳಾಗಿದ್ದವು. ಹರಿಗೋಲಿನಿಂದ ಹರಿಗೋಲಿಗೆ ಆ ದಿಂಬುಗಳನ್ನು ಕಟ್ಟಿ ಹೊಳೆಗೆ ಅಡ್ಡ ಬಿಟ್ಟಿದ್ದರು. ನೀರು ಕೆಳಗಿನಿಂದ ನುಸುಳಿ ಹೋಗುತ್ತಿತ್ತು. ಎಣ್ಣೆ ದಿಂಬಿಗೆ ತಲೆಯಿಟ್ಟು ಮಲಗುತ್ತಿತ್ತು.

"ನೆನೆದ ದಿಂಬು ಸುಡಬ್ಯಾಡ್ರೇ, ಹೊಗಿ ಗದ್ದೆಗೆ ಕುಂದ್ರತೈತಿ!" ಲಲಿತಾ ದೂರದ ಹೆಂಗಸರಿಗೆ ಕೂಗಿದಳು. "ತಾಡಪಾಲು ಹಾಸಿದ ಗುಂಡ್ಯಾಗ ಹಾಕ್ರಿ. ಕೈಗೆ ಚೀಲ ಕಟ್ಕಂಡು ಮುಟ್ರಿ!"

ಆಮೇಲೆ ಬಟ್ಟೆರಾಶಿಯಿಂದ ಒಂದು ಹಳೆಯ ಪಂಚೆ ಎಳೆದಳು. ಸಂಡೂರಿನಿಂದ, ಕಂಪ್ಲಿಯಿಂದ, ಹೊಸಪೇಟೆಯ ಮನೆಮನೆಗಳಿಂದ ಬಂದ ರಾಶಿ ಅದು.

"ಇದು ನಿಮ್ಮನೀದಲ್ಲೇನ್ರೀ? ನಿಮ್ಮ ಕರ್ಚೀಪಿನ ಮೂಲ್ಯಾಗೂ ಹಿಂಗಾ ದಾರ ಐತಿ."

ಶ್ರೀಲಕ್ಷ್ಮೀ ತನ್ನ ಕರವಸ್ತ್ರ ನೋಡಿಕೊಂಡಳು. ಮೂಲೆಯಲ್ಲಿ ಹಸಿರು ದಾರದ ಮೂರು ಹೊಲಿಗೆ, ಕೊನೆಗೊಂದು ಗಂಟು. ಒಮ್ಮೆ ಅಗಸರ ಮನೆಯಲ್ಲಿ ಬಟ್ಟೆ ಅದಲುಬದಲಾಗಿ ಯಾರದೋ ಪಂಚೆ ಇವರ ದೇವರ ಮನೆಗೆ ಬಂದುಬಿಟ್ಟಿತ್ತು. ಅಂದಿನಿಂದ ತಾಯಿ ಸರಸ್ವತೀಬಾಯಿ ಮನೆಯ ಪ್ರತಿ ವಸ್ತ್ರಕ್ಕೂ ದಾರದ ಗುರುತು ಹಾಕುತ್ತಿದ್ದರು. ಅಗಸರ ಶಾಯಿಯ ಗುರುತು ಅವರ ಮಡಿಗೆ ಒಗ್ಗದು. ತಂದೆಯದು ಕೆಂಪು, ಇವಳದು ಹಸಿರು, ತಮ್ಮ ಭಾರ್ಗವನದು ಹಳದಿ.

"ಅಮ್ಮ ಕಳಿಸ್ಯಾಳ," ಎಂದಳು. "ಪೆಟ್ಟಿಗಿ ಖಾಲಿ ಮಾಡಿ ಕಳಿಸ್ಯಾಳ."

ಹೊರಡುವಾಗ ಚೀಲದಿಂದ ಒಂದು ಪೊಟ್ಟಣ ತೆಗೆದು ಲಲಿತಾಳ ಕೈಗಿಟ್ಟಳು. "ಮಂತ್ರಾಲಯದ ಪರಿಮಳ ಪ್ರಸಾದ. ಭಾನುವಾರ ನನ್ನ ತಮ್ಮ ಹೋಗಿದ್ದ. ಎಲ್ಲರೂ ಒಂದೊಂದು ಚೂರು ಬಾಯಿಗೆ ಹಾಕ್ಕೊಳ್ರಿ. ಕೈ ತೊಳಕೊಂಡು."

"ತೊಳಕಳಾಕ ನೀರೆಲ್ಲೈತ್ರೀ ಅಕ್ಕಾ?" ಎಂದಳು ಲಲಿತಾ, ಹೊಳೆಯನ್ನು ತೋರಿಸುತ್ತ. ಈ ಸಲ ಯಾರೂ ನಗಲಿಲ್ಲ.

*

ಹರಿಗೋಲುಗಳ ಕಟ್ಟೆ ಸೇತುವೆಯಿಂದ ಸ್ವಲ್ಪ ಕೆಳಕ್ಕಿತ್ತು. ದಿಂಬು ಹಿಡಿದು ಹೊಳೆಯಲ್ಲಿ ನಿಂತವನ್ನು ಬಿಟ್ಟು ಉಳಿದವು ದಂಡೆಗೆ ಮಗುಚಿ ಬಿದ್ದಿದ್ದವು, ಬಿಸಿಲು ಕಾಯಿಸುವ ಆಮೆಗಳ ಹಾಗೆ.

ಶ್ರೀಲಕ್ಷ್ಮೀ ಮೊದಲನೆಯದರ ಬಳಿ ಕುಕ್ಕರಗಾಲಲ್ಲಿ ಕುಳಿತಳು. ಬಿದಿರಿನ ಹೆಣಿಗೆ, ಅದರ ಮೇಲೆ ಚೀಲದ ಹೊದಿಕೆ, ಹೊದಿಕೆಯ ಮೇಲೆ ನೀರು ಒಳಬಾರದಂತೆ ಬಳಿದ ಡಾಂಬರು. ಟ್ಯಾಂಕರಿನ ಎಣ್ಣೆ ಅದಕ್ಕೆ ಬೆಲ್ಲದ ಪಾಕದಂತೆ ದಪ್ಪಗೆ ಮೆತ್ತಿಕೊಂಡಿತ್ತು. ಚಿಂದಿಯಿಂದ ಒರೆಸಿ ಉಗುರು ಒತ್ತಿದಳು. ಒಳಗಿನ ಡಾಂಬರು ಗಟ್ಟಿಯಾಗಿತ್ತು, ಉಗುರು ಇಳಿಯಲಿಲ್ಲ.

ಎರಡನೆಯದೂ ಹಾಗೆಯೇ. ಅದರ ಪಕ್ಕದ್ದೂ ಹಾಗೆಯೇ.

ಒಂದು ಹರಿಗೋಲು ಮಾತ್ರ ಸಾಲು ಬಿಟ್ಟು ದೂರ, ಬಂಡೆಯ ಮರೆಯಲ್ಲಿ, ಜಾಲಿಯ ನೆರಳಿನಲ್ಲಿ ಬೋರಲಾಗಿ ಬಿದ್ದಿತ್ತು. ಗಾಳೆಪ್ಪನದು. ಅದಕ್ಕೆ ಹೊಸ ಡಾಂಬರು ಬಳಿದಿದ್ದರು. ಪಕ್ಕದಲ್ಲಿದ್ದ ಅರೆಖಾಲಿ ಡಾಂಬರು ಡ್ರಮ್ಮೇ ಅಂದಾನಪ್ಪನವರ ಮುಖ್ಯ ಸಾಕ್ಷಿ. ಕದ್ದ ಎಣ್ಣೆಯ ಕಲೆ ಮುಚ್ಚಲು ಬಳಿದಿದ್ದಾನೆ ಎಂಬುದು ಅವರ ವಾದ.

ವಾದ ಸರಿಯಾಗಿಯೇ ಕೂರುತ್ತಿತ್ತು. ಆದರೆ ಸರಿಯಾಗಿ ಕೂರುವುದನ್ನೆಲ್ಲ ಶ್ರೀಲಕ್ಷ್ಮೀ ಇನ್ನೊಮ್ಮೆ ಅಲುಗಿಸಿ ನೋಡುತ್ತಿದ್ದಳು. ಮನೆಯ ಬೀಗವನ್ನೂ ಹಾಗೆಯೇ ನೋಡುತ್ತಿದ್ದಳು.

ಅಂಚಿನ ಹತ್ತಿರ ಹೊಸ ಡಾಂಬರು ತಲುಪದೆ ಬಿಟ್ಟ ಜಾಗವೊಂದಿತ್ತು. ಅಲ್ಲಿ ಹಳೆಯ ಡಾಂಬರು ಅತ್ತ ಕಣ್ಣಿನ ಕಾಡಿಗೆಯಂತೆ ಗೆರೆಗೆರೆಯಾಗಿ ಇಳಿದು ನಿಂತಿತ್ತು. ಬೆರಳಿಟ್ಟರೆ ಬೆರಳು ಮುಳುಗಿತು. ಪಾಕ ಮೆತ್ತಿರಲಿಲ್ಲ. ಡಾಂಬರೇ ಕರಗಿತ್ತು.

ಬೆರಳು ಮೂಗಿಗೆ ಹಿಡಿದಳು. ತೆಳ್ಳನೆಯ, ಚುರುಕಾದ ವಾಸನೆ.

ಈ ವಾಸನೆ ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷ ಸಂಡೂರಿನ ಗಣಿ ಗುತ್ತಿಗೆದಾರರ ವರ್ಕ್‌ಶಾಪಿಗೆ ತಮ್ಮ ಅವಳನ್ನು ಕರೆದುಕೊಂಡು ಹೋಗಿದ್ದ. ಅವನು ಅಲ್ಲಿ ಪರಿಸರ ವಿಭಾಗದ ಎಂಜಿನಿಯರ್. ಯಂತ್ರದ ಬಿಡಿಭಾಗಗಳನ್ನು ತೊಟ್ಟಿಯಲ್ಲಿ ಡೀಸೆಲ್ ತುಂಬಿ ತೊಳೆಯುತ್ತಿದ್ದರು. ಅವಳ ಸೀರೆಯಂಚಿಗೆ ರಸ್ತೆಯ ಡಾಂಬರು ಹತ್ತಿದಾಗ ಭಾರ್ಗವನೇ ಹತ್ತಿಯಲ್ಲಿ ಡೀಸೆಲ್ ಅದ್ದಿ ಉಜ್ಜಿದ್ದ. 'ನೋಡಕ್ಕಾ, ಡೀಸೆಲ್ ಮುಟ್ಟಿದ್ರ ಡಾಂಬರು ಬೆಣ್ಣಿ ಕರಗಿದಂಗ ಕರಗ್ತದ' ಎಂದಿದ್ದ.

ಹೊಳೆಯಲ್ಲಿ ಎರಡು ಎಣ್ಣೆಗಳಿದ್ದವು.

ಒಂದು ಟ್ಯಾಂಕರಿನದು. ಅದು ಉಳಿದೆಲ್ಲ ಹರಿಗೋಲುಗಳಿಗೂ ಮೆತ್ತಿತ್ತು. ಇನ್ನೊಂದು ತೆಳುವಾದದ್ದು. ಅದನ್ನು ಮುಟ್ಟಿ ಬಂದದ್ದು ಗಾಳೆಪ್ಪನ ಹರಿಗೋಲು ಒಂದೇ. ಹಾಗಿದ್ದರೆ ಅವನು ಟ್ಯಾಂಕರಿನ ಬಳಿ ಇರಲಿಲ್ಲ. ಬೇರೆಲ್ಲೋ ಇದ್ದ.

ಎಲ್ಲಿ?

ಆಗ ಕೇಳಿಸಿತು. ಹಕ್ಕಿಯಂತಲ್ಲದ, ಮಗುವಿನಂತಲ್ಲದ ಒಂದು ಸಣ್ಣ ಸಿಳ್ಳು. ಗಾಳಿ ಸೀಳಿಕೊಂಡು ಬಂದು ತಟ್ಟನೆ ನಿಂತಿತು. ಸುತ್ತ ಯಾರೂ ಇರಲಿಲ್ಲ. ಜಾಲಿಯ ಹೂವು ಒಂದೊಂದೇ ಉದುರುತ್ತಿತ್ತು, ಹಳದಿ ಧೂಳಿನ ಮಳೆಯಂತೆ.

ಸಿಳ್ಳು ಬಂದದ್ದು ಹರಿಗೋಲಿನ ಕೆಳಗಿನಿಂದ.

*

"ಮುಟ್ಟಬ್ಯಾಡ್ರಿ ಮೇಡಮ್ಮಾರೇ. ಡಾಂಬರು ಇನ್ನೂ ಹಸೇದೈತಿ."

ಬಂಡೆಯ ಹಿಂದಿನಿಂದ ಗಾಳೆಪ್ಪ ಎದ್ದು ಬಂದ. ಹೆಗಲ ಮೇಲೆ ಹುಟ್ಟು, ತುಟಿಯಲ್ಲಿ ಹಚ್ಚದ ಬೀಡಿ. ಹರಿಗೋಲಿಗೂ ಅವಳಿಗೂ ನಡುವೆ ಬಂದು ನಿಂತ.

"ಬೀಡಿ ಹಚ್ಚಿಲ್ಲ?" ಎಂದಳು ಶ್ರೀಲಕ್ಷ್ಮೀ.

"ಎಣ್ಣಿ ಐತಲ್ರೀ ಎಲ್ಲಾ ಕಡೀಗೆ."

"ಎಣ್ಣಿ ಹೊಳ್ಯಾಗೈತಿ. ನೀವು ಇಲ್ಲಿ ಮ್ಯಾಲೆ ನಿಂತೀರಿ."

ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

"ಭಾನುವಾರ ಬೆಳಿಗ್ಗೆ ಎಲ್ಲಿದ್ರಿ, ಗಾಳೆಪ್ಪ?"

"ಮನ್ಯಾಗ."

"ಹೊಲಕ್ಕ ಹೋಗಿದ್ರು ಅಂತ ನಿಮ್ಮ ಹೆಂಡ್ತಿ ಊರಮ್ಮ ಹೇಳಿದ್ರು."

"ಹಂಗಾರ ಹೊಲದಾಗ."

"ನಿಮಗ ಹೊಲ ಎಲ್ಲೈತಿ?"

ಗಾಳೆಪ್ಪ ಆಕಾಶ ನೋಡಿದ. ಆಕಾಶದಲ್ಲಿ ಅವನಿಗೆ ಹೊಲ ಸಿಗಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಊರಮ್ಮ ದಂಡೆ ಹತ್ತಿ ಬಂದಳು. ಸೊಂಟದ ಮೇಲಿನ ಕೊಡದಲ್ಲಿ ಹಬೆಯಾಡುವ ನೀರು. ಇವಳನ್ನು ಕಂಡದ್ದೇ ಕಾಲು ತಡೆಯಿತು.

"ಬಿಸಿನೀರು ಯಾರಿಗೆ, ಊರಮ್ಮ?"

"ನನಗಾ ರೀ. ಮೈಕೈ ನೋವು."

"ಬಯಲಾಗ ಸ್ನಾನ ಮಾಡ್ತೀರಾ?"

ಊರಮ್ಮ ಗಂಡನತ್ತ ನೋಡಿದಳು. ಗಂಡ ಹುಟ್ಟಿನತ್ತ ನೋಡಿದ.

"ನೋಡ್ರಿ," ಶ್ರೀಲಕ್ಷ್ಮೀ ಮೆಲ್ಲಗೆ ಹೇಳಿದಳು. ಪ್ರತಿ ಶಬ್ದವನ್ನೂ ತೂಗಿ ಇಡುತ್ತಿದ್ದಳು. "ದೀಪ ಹಚ್ಚೋ ಹೊತ್ತಿಗೆ ಅಂದಾನಪ್ಪನವರು ಬರ್ತಾರ. ನೀವು ಟ್ಯಾಂಕರ್ ಹತ್ರ ಇರಲಿಲ್ಲ ಅಂತ ನನಗ ಗೊತ್ತದ. ನಿಮ್ಮ ಹರಿಗೋಲಿನ ತಳ ಕರಗಿದ್ದು ಬ್ಯಾರೆ ಎಣ್ಣೀಗೆ. ಆ ಎಣ್ಣಿ ಎಲ್ಲಿತ್ತು? ಅಷ್ಟು ಹೇಳಿದ್ರ ನಿಮ್ಮನ್ನ ಒಯ್ಯಾಕ ನಾ ಬಿಡಂಗಿಲ್ಲ."

"ಹೇಳಾಕ ಬರಂಗಿಲ್ರೀ."

"ಯಾಕ?"

"ಬರಂಗಿಲ್ಲ ಅಂದ್ರ ಬರಂಗಿಲ್ಲ. ಒಯ್ದ್ರ ಒಯ್ಯಲಿ."

ಮತ್ತೆ ಸಿಳ್ಳು. ಈ ಸಲ ಎರಡು, ಒಂದರ ಬೆನ್ನಿಗೊಂದು.

ಮೂವರೂ ಅಲುಗಲಿಲ್ಲ. ಹೊಳೆಯ ಬಣ್ಣ ಜಾಲಿಯ ಎಲೆಗಳ ಅಡಿಯಲ್ಲಿ ಕುಣಿಯುತ್ತಿತ್ತು. ಆ ಬೆಳಕಿನಲ್ಲಿ ಗಾಳೆಪ್ಪನ ಮುಖ ನೀರಿನಡಿಯ ಮುಖದಂತೆ ಕಂಡಿತು.

ಶ್ರೀಲಕ್ಷ್ಮೀ ಬಗ್ಗಿ ಹರಿಗೋಲಿನ ಅಂಚಿಗೆ ಕೈಹಾಕಿದಳು. ಗಾಳೆಪ್ಪ ಹುಟ್ಟನ್ನು ಅಡ್ಡ ಹಿಡಿದ. ಊರಮ್ಮ ಆ ಹುಟ್ಟನ್ನು ಕಿತ್ತು ಆಚೆ ಎಸೆದಳು.

"ಎತ್ತಿ ತೋರ್ಸು! ಜೈಲಿಗೆ ಹೋಗಾದ್ರಾಗ ಏನು ಮುಚ್ಚಿಟ್ಕಂತಿ? ಯುಗಾದಿ ದಿನ ಹೆಂಡ್ತಿ ತಲೀಗೆ ಒಂದು ಹನಿ ಎಣ್ಣಿ ಇಡದ ಮನಷಾ, ಈಗ ನೀರುನಾಯಿಗೆ ತಲಿ ಎರೀತಾ ಕುಂತಾನ!"

ಗಾಳೆಪ್ಪ ತಲೆ ತಗ್ಗಿಸಿದ. ಆಮೇಲೆ ತಾನೇ ಬಗ್ಗಿ, ನಿದ್ದೆಯಲ್ಲಿರುವ ಮಗುವಿನ ಹೊದಿಕೆ ಸರಿಸುವಷ್ಟು ಮೆತ್ತಗೆ, ಅಂಚನ್ನು ಒಂದು ಗೇಣು ಎತ್ತಿದ.

ಒಳಗೆ ಕತ್ತಲೆ. ಹುಲ್ಲಿನ ಹಾಸಿಗೆ. ಕತ್ತಲೆಗೆ ಕಣ್ಣು ಒಗ್ಗಿದಂತೆ ಅಲ್ಲಿ ಎರಡು ಕಣ್ಣು ಮೂಡಿದವು, ತೊಳೆದ ಅಂಟುವಾಳದ ಬೀಜಗಳಂತೆ. ತಾಯಿ ನೀರುನಾಯಿ. ಕತ್ತು ಎತ್ತಿತು, ಮೀಸೆ ನಿಮಿರಿಸಿತು, ಏಳಲಾರದೆ ಮತ್ತೆ ಮಲಗಿತು. ಅದರ ಹೊಟ್ಟೆಗೆ ಒತ್ತಿಕೊಂಡು ಒಂದು ಮರಿ. ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಿದ್ದರು. ಸಿಳ್ಳು ಹಾಕುತ್ತಿದ್ದದ್ದು ಅದು. ತಲೆಯ ಹತ್ತಿರ ಬೆರಳುದ್ದದ ಮೀನುಗಳು, ಮುಟ್ಟದೆ ಹಾಗೇ ಬಿದ್ದಿದ್ದವು.

"ನೀವು ನೀರುನಾಯಿ ಕಂಡ್ರ ಕಲ್ಲು ಒಗೀತೀರಿ ಅಂತ ಊರೆಲ್ಲಾ ಅಂತಾರ," ಎಂದಳು ಶ್ರೀಲಕ್ಷ್ಮೀ. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಒಗೀತೀನ್ರೀ. ಬಲಿ ಹರೀತಾವ ಮುಂಡೇವು. ಬಲ್ಯಾಗಿನ ಮೀನು ಅರ್ಧ ತಿಂದು ಅರ್ಧ ಬಿಟ್ಟು ಹೋಗ್ತಾವ." ಅವನು ಮರಿಯ ಬಟ್ಟೆ ಸರಿಪಡಿಸಿದ. "ಆದ್ರ ಇದು ನನ್ನ ನೋಡಿ ಓಡ್ಲಿಲ್ರೀ. ಎಂದೂ ನಿಲ್ಲದ ಪ್ರಾಣಿ, ಹಂಗಾ ನಿಂತಿತ್ತು. ಮೈತುಂಬ ಎಣ್ಣಿ. ಬಾಯಾಗ ಮರಿ ಕಚ್ಕಂಡಿತ್ತು. ನೆಕ್ಕಾಕ ಶುರು ಮಾಡಿತ್ತು. ನೆಕ್ಕಿದ್ರ ಹೊಟ್ಟಿಗೆ ಹೋಗತೈತಲ್ಲ, ಅದಕ್ಕಾ ಬಟ್ಟಿ ಸುತ್ತಿದೆ."

"ಎಲ್ಲಿ ನಿಂತಿತ್ತು?"

ಗಾಳೆಪ್ಪ ಸರಿಪಡಿಸಿದ ಬಟ್ಟೆಯನ್ನೇ ಮತ್ತೆ ಸರಿಪಡಿಸಿದ.

"ಮ್ಯಾಲಿನ ಮಡುವಿನಾಗ," ಎಂದಳು ಊರಮ್ಮ. "ಬಂಡಿಗುಳ ನಡುವೆ. ಮೀನು ಹಿಡೀಬಾರದು ಅಂತ ಬೋರ್ಡು ಹಾಕ್ಯಾರಲ್ಲ, ಅಲ್ಲಿ. ಇನ್ನೊಂದು ಸಲ ಅಲ್ಲಿ ಸಿಕ್ರ ಹರಗೋಲಾ ಕಿತ್ಕಂತೀವಿ ಅಂತ ಅರಣ್ಯದೋರು ಅಂದಿದ್ರು. ಬ್ಯಾಡ ಅಂದ್ರ ಕೇಳ್ಯಾನೇನು? ಮಂಜಿನಾಗ ಯಾರು ನೋಡ್ತಾರ ಅಂತ ಹೋದ."

ಈಗ ತಿಳಿಯಿತು. ಮಡುವಿನಲ್ಲಿದ್ದೆ ಎಂದರೆ ಹರಿಗೋಲು ಹೋಗುತ್ತದೆ. ಮಡುವಿನಲ್ಲಿರಲಿಲ್ಲ ಎಂದರೆ ಅವನೇ ಹೋಗುತ್ತಾನೆ.

"ಟ್ಯಾಂಕರ್ ಬಿದ್ದ ಸದ್ದು ನಿಮಗ ಕೇಳಿಸ್ತಾ?"

"ಕೇಳಿಸ್ತ್ರೀ. ಇವನ್ನ ಹಾಕ್ಕಂಡು ಇಳೀತಿದ್ದೆ. ಹರಗೋಲು ಸೋರಾಕ ಹತ್ತಿತ್ತು, ಒಂದು ಕೈಲೆ ನೀರು ಎತ್ತಿ ಹಾಕ್ತಿದ್ದೆ. ಆವಾಗ ಧಡ್ ಅಂತು ಸೇತುವಿ ಕಡಿಗೆ. ಸೇತುವಿ ದಾಟಲಿಲ್ಲ, ಅಲ್ಲೇ ದಂಡೀಗೆ ಹಚ್ಚಿ ಹರಗೋಲು ಹೊತ್ಕಂಡು ಬಂದೆ."

ಶ್ರೀಲಕ್ಷ್ಮೀ ಬಂಡೆಗೆ ಒರಗಿದಳು. ಟ್ಯಾಂಕರ್ ಉರುಳುವ ಮುಂಚೆಯೇ ಹೊಳೆಯಲ್ಲಿ ಎಣ್ಣೆಯಿತ್ತು, ಸೇತುವೆಗಿಂತ ಎಷ್ಟೋ ಮೇಲೆ. ಯಾರೋ ಮಡುವಿಗೆ ಎಣ್ಣೆ ಸುರಿದಿದ್ದರು. ಆಮೇಲೆ ಒಂದು ಎಣ್ಣೆಯನ್ನು ಮುಚ್ಚಲು ಇನ್ನೊಂದು ಎಣ್ಣೆಯನ್ನು ಉರುಳಿಸಿದ್ದರು. ಮಾಡಿದ್ದು ಉಚ್ಚೆಂಗಪ್ಪ ಒಬ್ಬನೇ? ಅವನ ಹತ್ತಿರ ಡೀಸೆಲ್ ತೊಟ್ಟಿಗಳಿರಲಿಲ್ಲ. ಅವನು ಸಾಗಿಸುವವನು. ಸರಕು ಇನ್ಯಾರದೋ.

"ಮಡುವಿನಾಗ ಬ್ಯಾರೆ ಯಾರಿದ್ರು, ಗಾಳೆಪ್ಪ?"

"ಯಾರೂ ಇರ್ಲಿಲ್ಲ."

ಇದೊಂದನ್ನು ಮಾತ್ರ ಅವನು ತಡವರಿಸದೆ ಹೇಳಿದ. ಅದಕ್ಕೇ ಅವಳಿಗೆ ಅನುಮಾನ ಬಂತು.

"ಗಂಗವ್ವನ ಆಣಿ ಮಾಡ್ತೀರಾ?"

ಗಾಳೆಪ್ಪ ಹೊಳೆಯ ಕಡೆ ನೋಡಿದ.

"ಆಣಿ ಆಗ್ಲೇ ಮಾಡೇನ್ರೀ. ಹೇಳಂಗಿಲ್ಲ ಅಂತ, ನೀರು ಮುಟ್ಟಿ. ಆ ಮನಷಾ ಕೆಟ್ಟೋನಲ್ರೀ. ಮಣಕಾಲುಮಟ ನೀರಾಗ ನಿಂತಿದ್ದ, ಪ್ಯಾಂಟು ಮಡಚ್ಕಂಡು. ಮಂಜು ಭಾಳ ಇತ್ತು, ಮುಖ ಕಾಣಲಿಲ್ಲ. ಈ ಎರಡನೇ ಮರೀನ ಅವನಾ ತೆಗೆದು ಕೊಟ್ಟಿದ್ದು. ಅಳ್ತಿದ್ದ. ಗಂಡಸು, ಒಳ್ಳೆ ಓದಿದೋರ ಮಾತು, ಸಣ್ಣ ಹುಡುಗ್ರಂಗ ಅಳ್ತಿದ್ದ. ಹೆಗಲ ಮ್ಯಾಲಿನ ಟವೆಲ್ ತೆಗೆದು ಇದಕ್ಕ ಸುತ್ತಿದ. 'ಜಲ್ದಿ ಹೋಗ್ರಿ, ನೀವು ನನ್ನ ನೋಡಿಲ್ಲ, ನಾ ನಿಮ್ಮನ್ನ ನೋಡಿಲ್ಲ' ಅಂದ. ಅಷ್ಟಾ."

"ಟವೆಲ್?"

"ಇದಾ."

ಅವಳು ಕೈಚಾಚಿ ಮರಿಯನ್ನು ಸುತ್ತಿದ ಬಟ್ಟೆಯ ತುದಿ ಹಿಡಿದಳು. ಬಿಳಿ ಟವೆಲ್ ಅರ್ಧಕ್ಕರ್ಧ ಕಪ್ಪಾಗಿತ್ತು. ಮರಿ ಅವಳ ಬೆರಳನ್ನು ಮೂಸಿ, ಹಲ್ಲಿಲ್ಲದ ಬಾಯಿಯಿಂದ ಒತ್ತಿ, ಬಿಟ್ಟಿತು.

ಮೂಲೆಯಲ್ಲಿ ಹಳದಿ ದಾರ. ಮೂರು ಹೊಲಿಗೆ. ಕೊನೆಗೊಂದು ಗಂಟು.

*

ಹೊತ್ತು ಮುಳುಗುತ್ತಿತ್ತು. ಹೊಳೆಯ ಮೇಲಿನ ನವಿಲು ಮುದುಡಿ, ನೀರು ತಾಮ್ರದ ತಟ್ಟೆಯಂತಾಗಿತ್ತು. ದೂರದಲ್ಲಿ ಲಲಿತಾಳ ಕಡೆಯವರು ದಿಂಬುಗಳನ್ನು ಎಳೆಯುತ್ತ ಹಾಡಿಕೊಳ್ಳುತ್ತಿದ್ದರು.

ಶ್ರೀಲಕ್ಷ್ಮೀ ಒಣ ಚಿಂದಿಯಲ್ಲಿ ಮರಿಯನ್ನು ಸುತ್ತಿ ತಾಯಿಯ ಮಗ್ಗುಲಿಗಿಟ್ಟಳು. ಟವೆಲ್ ಅವಳ ಕೈಯಲ್ಲಿ ಉಳಿಯಿತು. ಕಮಲಾಪುರದ ಮೃಗಾಲಯದ ವೈದ್ಯರಿಗೆ ಫೋನ್ ಹಚ್ಚಿದಳು. ಕತ್ತಲೆಯಲ್ಲೇ ಇರಲಿ, ಬೆಚ್ಚಗಿರಲಿ, ಯಾರೂ ಮಾತಾಡಿಸಬೇಡಿ, ಇನ್ನು ನೀರೆರೆಯಬೇಡಿ, ಗಾಡಿ ಹೊರಡಿಸಿದ್ದೇನೆ ಎಂದರು ಅವರು. ಅವಳು ಹೂಂಗುಟ್ಟಿದಳು. ಆ ಮಾತುಗಳೆಲ್ಲ ಬೇರೆ ಯಾರದೋ ಕಿವಿಗೆ ಬೀಳುತ್ತಿರುವಂತಿತ್ತು.

ಭಾರ್ಗವ್ ಭಾನುವಾರ ಮಂತ್ರಾಲಯದಲ್ಲಿದ್ದ. ಪ್ರಸಾದ ತಂದಿದ್ದ. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಿದ್ದಳು.

ಟವೆಲ್ ಬಟ್ಟೆರಾಶಿಯಿಂದ ಬಂದಿರಬಹುದಲ್ಲ? ಅಮ್ಮ ಪೆಟ್ಟಿಗೆ ಖಾಲಿ ಮಾಡಿ ಕಳಿಸಿದ್ದಳು. ಊರಮ್ಮ ದಿನವೂ ಲಲಿತಾಳ ಹತ್ತಿರ ಹೋಗುತ್ತಾಳೆ. ಚಿಂದಿ ತಂದಿರುತ್ತಾಳೆ. ಯಾವ ಬಟ್ಟೆ ಎಲ್ಲಿಂದ ಬಂತು ಎಂದು ಈ ಗಡಿಬಿಡಿಯಲ್ಲಿ ಯಾರಿಗೆ ನೆನಪಿರುತ್ತದೆ? ಹೌದು, ರಾಶಿಯಿಂದಲೇ ಬಂದಿರಬೇಕು.

ಆ ಆಸೆ ಚಿಕ್ಕದು, ಬೆಚ್ಚಗಿತ್ತು. ಮರಿಯನ್ನು ಹಿಡಿದ ಹಾಗೆ ಅದನ್ನೂ ಎರಡು ಕೈಯಲ್ಲಿ ಹಿಡಿದುಕೊಂಡಳು.

ಜೀಪು ಬಂದು ನಿಂತಿತು. ಅಂದಾನಪ್ಪ ಇಳಿದು, ಟೋಪಿ ತೆಗೆದು ಬೆವರೊರೆಸಿಕೊಂಡರು.

"ಏನಂತಾನ ನಮ್ಮ ಅಂಬಿಗರ ಸಾಹುಕಾರ? ಹೊರಡೂಣೇನಪಾ?"

"ಹೊರಡೂಣ್ರೀ ಸಾಹೇಬ್ರ," ಎಂದ ಗಾಳೆಪ್ಪ. ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಊರಮ್ಮ ಕೊಡವನ್ನು ನೆಲಕ್ಕಿಟ್ಟು ಅದರ ಕಂಠ ಹಿಡಿದು ಕುಳಿತುಬಿಟ್ಟಳು.

"ನಿಲ್ರಿ," ಎಂದಳು ಶ್ರೀಲಕ್ಷ್ಮೀ.

ಅವಳು ಹೇಳಿದಳು. ಮೆತ್ತಿದ ಎಣ್ಣೆ, ಕರಗಿದ ಡಾಂಬರು, ಮೇಲಿನ ಮಡು. ಅಂದಾನಪ್ಪ ಬಗ್ಗಿ ಹರಿಗೋಲಿನ ಅಂಚಿಗೆ ತಾವೂ ಬೆರಳಿಟ್ಟು ನೋಡಿದರು, ಮೂಸಿದರು. ಕೆಟ್ಟ ಮನುಷ್ಯನಲ್ಲ, ಮೇಲಿನವರ ಫೋನಿಗೆ ಹೆದರುವ ಮನುಷ್ಯ.

"ನೀವು ಹೇಳಾದು ಖರೇ ಅನಸ್ತತಿ ಮೇಡಮ್ಮಾರೇ. ಆದ್ರ ನನ್ನ ಬೆರಳಿನ ವಾಸನಿ ತಗಂಡು ಹೋಗಿ ಕೋರ್ಟಿನಾಗ ತೋರ್ಸಾಕ ಆಗತೈತೇನ್ರೀ? ಬ್ಯಾರೆ ಎಣ್ಣಿ ಅಂದ್ರ ಬ್ಯಾರೆ ಮನಷಾ ಬೇಕು. ಮಡುವಿಗೆ ಎಣ್ಣಿ ಸುರಿದೋನು ಇವನಲ್ಲ, ಇಂಥವನು ಅಂತ ಒಬ್ಬನ್ನ ತೋರಿಸ್ರಿ. ಈಗಿಂ‌ದೀಗ ಜೀಪು ತಿರುಗಸ್ತೀನಿ."

"ಯಾರೂ ಇರ್ಲಿಲ್ರೀ," ಎಂದ ಗಾಳೆಪ್ಪ, ಅವಳಿಗಿಂತ ಮುಂಚೆ. ಅವನ ಕಣ್ಣು ಟವೆಲಿನ ಮೇಲಿತ್ತು. ಆಮೇಲೆ ಅವಳ ಸೊಂಟಕ್ಕೆ ಸಿಕ್ಕಿಸಿದ ಕರವಸ್ತ್ರದ ಮೇಲೆ. ಹಸಿರು ದಾರದ ಮೇಲೆ. ಅವನಿಗೆ ತಿಳಿದುಹೋಗಿತ್ತು.

"ನಾ ಒಬ್ಬನಾ ಇದ್ದೆ," ಎಂದು ಮತ್ತೊಮ್ಮೆ ಹೇಳಿದ, ಅವಳ ಮುಖ ನೋಡುತ್ತ.

ಶ್ರೀಲಕ್ಷ್ಮೀ ಟವೆಲನ್ನು ಮಡಿಚಿದಳು. ಮೂಲೆ ಒಳಗೆ ಹೋಯಿತು. ತಾನೇ ಹಾಗೆ ಮಡಿಚಿದಳೋ ಕೈಯೇ ಮಡಿಚಿತೋ ಅವಳಿಗೆ ಗೊತ್ತಾಗಲಿಲ್ಲ.

"ಅದೇನ್ರೀ ಕೈಯಾಗ?" ಅಂದಾನಪ್ಪ ಕೇಳಿದರು.

ಫೋನು ಅದುರಿತು. ಭಾರ್ಗವ್.

ಅವಳು ಎರಡು ಹೆಜ್ಜೆ ಹೊಳೆಯ ಕಡೆ ಸರಿದು ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಹಿಂದೆಲ್ಲೋ ಲಾರಿಗಳ ಸದ್ದು.

ಬಟ್ಟೆರಾಶಿ, ಎಂದುಕೊಂಡಳು. ಅಮ್ಮ ಕಳಿಸಿದ ಬಟ್ಟೆರಾಶಿ. ಊಟಕ್ಕೆ ಎಷ್ಟೊತ್ತಿಗೆ ಬರ್ತೀ ಎಂದು ಕೇಳು, ಭಾರ್ಗವ್. ಅಮ್ಮನ ಮಾತ್ರೆ ತಂದಿಯಾ ಎಂದು ಕೇಳು. ಬೇರೇನೂ ಕೇಳಬೇಡ.

ನೀರುನಾಯಿಯ ವಿಷಯ ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳಿಗೇ ಅದು ಗೊತ್ತಾದದ್ದು ಈಗ, ಈ ಬಂಡೆಯ ಮರೆಯಲ್ಲಿ.

"ಅಕ್ಕಾ," ಎಂದ ಭಾರ್ಗವ್. ಅವನ ದನಿ ನೀರಿನಡಿಯಿಂದ ಬಂದಂತಿತ್ತು. "ನೀ ಗಾಳೆಪ್ಪನ ಹತ್ರ ಅದೀ ಅಂತ ಗೊತ್ತಾತು. ಒಂದಾ ಒಂದು ಹೇಳು."

"ಏನು?"

"ಆ ಮರಿ ಎರಡೂ ಉಳದಾವೇನು?"